ಕೆಳಮನೆಯ ಆಪಾ, ನಾವು ಮಾರಿದ ಮನೆ

ಉಪ್ಪಾರಹಳ್ಳಿಯ ನಮ್ಮ ಬೀದಿಯಲ್ಲಿ ಯಾರ ಮನೆಯ ಮಿಕ್ಸಿ ನಿಂತರೂ, ಯಾರ ಕುಕ್ಕರು ಕೂಗುವುದು ಬಿಟ್ಟು ಪಕ್ಕದಿಂದ ಬುಸುಗುಟ್ಟಿದರೂ ಅದು ಕೊನೆಗೆ ಬಂದು ಸೇರುತ್ತಿದ್ದುದು ನಮ್ಮ ಕೆಳಮನೆಯ ಪಡಸಾಲೆಗೆ. ಅಲ್ಲಿ ಗೋಣಿತಾಟಿನ ಮೇಲೆ ಒಂದು ಕಾಲು ಚಾಚಿ, ಇನ್ನೊಂದು ಮಡಚಿ, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು ಒಬ್ಬ ಹೆಂಗಸು ಕೂತಿರುತ್ತಿದ್ದರು. ತಲೆತುಂಬ ಹೊದ್ದ ಸೆರಗನ್ನು ಬಲಗಿವಿಯ ಹಿಂದಕ್ಕೆ ಸಿಕ್ಕಿಸಿಕೊಳ್ಳುವುದು ಅವರ ಅಭ್ಯಾಸ. ಮಿಕ್ಸಿ ತಂದವರು "ಸುಟ್ಟ ವಾಸ್ನೆ ಬಂತು ಆಪಾ, ಮೋಟರ್ರೇ ಹೋಗಿರ್ಬೇಕು" ಎಂದು ಶುರು ಮಾಡಿದರೆ ಕೈಯೆತ್ತಿ ಸುಮ್ಮನಿರಿಸುತ್ತಿದ್ದರು.

"ನೀವು ಹೇಳ್ಬೇಡಿ. ಅದು ಹೇಳ್ಲಿ."

ಪ್ಲಗ್ಗು ಹಾಕಿ, ಒಂದೇ ಒಂದು ಕ್ಷಣ ತಿರುಗಿಸಿ, ಆ ಕಿವಿಯನ್ನು ಮಿಕ್ಸಿಯ ಹೊಟ್ಟೆಗೆ ಹಚ್ಚುತ್ತಿದ್ದರು. ಹತ್ತರಲ್ಲಿ ಎಂಟು ಸಲ ಸ್ಕ್ರೂಡ್ರೈವರ್ ಮುಟ್ಟುವ ಮೊದಲೇ ರೋಗ ಗೊತ್ತಾಗಿರುತ್ತಿತ್ತು.

ಬೀದಿಗೆಲ್ಲ ಅವರು ಆಪಾ, ಅಂದರೆ ಅಕ್ಕ. ಚೆಂದದ ಹೆಸರೊಂದಿತ್ತು. ಅದನ್ನು ಬರೆಯುವ ಯೋಗ್ಯತೆ ನನಗೆ ಉಳಿದಿಲ್ಲ ಅನ್ನಿಸಿ ಬಿಟ್ಟಿದ್ದೇನೆ. ಹದಿನೇಳು ವರ್ಷ ನಮ್ಮ ಮನೆಯ ಕೆಳಗಡೆ ಬಾಳಿದವರು. ಈ ವರ್ಷ ತೀರಿಕೊಂಡರು.

ಅವರ ಊರು ಕುಣಿಗಲ್. ಗಂಡ ಅಲ್ಲಿ ಮೋಟಾರು ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದರಂತೆ. ಮಾರ್ಕೋನಹಳ್ಳಿ ನೀರಾವರಿಯ ಕಡೆಯಿಂದ ಪಂಪಿನ ಮೋಟಾರುಗಳು ಎತ್ತಿನ ಗಾಡಿಯಲ್ಲಿ, ಆಮೇಲೆ ಟ್ರ್ಯಾಕ್ಟರಿನಲ್ಲಿ ಬಂದು ಅವರ ಅಂಗಡಿಯ ಮುಂದೆ ಸಾಲು ನಿಲ್ಲುತ್ತಿದ್ದವು. ಗಂಡ ವೈಂಡಿಂಗ್ ಸುತ್ತುವಾಗ ತಂತಿ ಹಿಡಿದುಕೊಂಡು ಕೂತು ಕೂತು ಇವರಿಗೂ ಕೆಲಸ ಬಂತು. "ಅವ್ರು ಕಲಿಸ್ಲಿಲ್ಲ ಸಾರ್. ನಾನು ಕದ್ದೆ" ಎಂದು ನಗುತ್ತಿದ್ದರು. ಗಂಡನಿಗೆ ಕಿಡ್ನಿ ಕಾಯಿಲೆಯಾಯಿತು. ಎರಡು ವರ್ಷ ಆಸ್ಪತ್ರೆ ಅಲೆದ ಮೇಲೆ ಉಳಿದದ್ದು ಆಪಾ ಒಬ್ಬರೇ. ಮಕ್ಕಳಿರಲಿಲ್ಲ. ಆಸ್ಪತ್ರೆಯ ಸಾಲಕ್ಕೆ ಕುಣಿಗಲ್ಲಿನ ಮನೆ ಮಾರಿದರು. ಉಳಿದ ಹಣವನ್ನು ಸೆರಗಿನಲ್ಲಿ ಕಟ್ಟಿಕೊಂಡು ತುಮಕೂರಿಗೆ ಬಂದು ನಮ್ಮ ಕೆಳಮನೆಯನ್ನು ಭೋಗ್ಯಕ್ಕೆ ಹಿಡಿದರು. ಭೋಗ್ಯವೆಂದರೆ ತಿಂಗಳ ಬಾಡಿಗೆ ಇಲ್ಲ; ಒಟ್ಟಿಗೆ ಒಂದು ಗಂಟು ಕೊಟ್ಟು ಬಂದಿರುವುದು, ಬಿಡುವಾಗ ಅದೇ ಗಂಟನ್ನು ವಾಪಸು ಪಡೆಯುವುದು. ಅವರು ಕೊಟ್ಟ ಗಂಟಿನಲ್ಲಿ ನಾವು ಮಹಡಿಯ ಮನೆಗೆ ತಾರಸಿಯ ಮೋಲ್ಡ್ ಹಾಕಿಸಿದೆವು. ಹದಿನೇಳು ವರ್ಷ ನಾನು ಮತ್ತು ನನ್ನವಳು ಮಲಗಿ ಎದ್ದದ್ದು ಆ ಮೋಲ್ಡಿನ ಕೆಳಗೆ.

ಭೋಗ್ಯದ ಮಾತಾದ ದಿನವೇ ಅವರ ಸ್ವಭಾವ ಗೊತ್ತಾಗಿತ್ತು. ನಾನು ಇಪ್ಪತ್ತು ರೂಪಾಯಿಯ ಛಾಪಾ ಕಾಗದ ತಂದಿದ್ದೆ. ಅದನ್ನು ಮುಟ್ಟಲೂ ಇಲ್ಲ.

"ಇದಾಗಲ್ಲ ಸಾರ್. ರಿಜಿಸ್ಟರ್ ಮಾಡಿಸ್ಬೇಕು."

"ನಂಬಿಕೆ ಇಲ್ವಾ ನಮ್ಮೇಲೆ?"

"ನಂಬಿಕೆ ಇರೋದ್ರಿಂದಾನೇ ಬಂದಿದೀನಿ. ಕಾಗ್ದ ನಂಬಿಕೆಗಲ್ಲ, ನಾಳೆ ನಾವಿಬ್ರೂ ಇಲ್ದೇ ಇದ್ರೆ ಇರೋವ್ರಿಗೆ."

ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳುವ ನನಗೆ, ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಹೆಂಗಸು ಕಾನೂನು ಹೇಳಿದರೆಂದು ಒಳಗೊಳಗೇ ಕೊಂಚ ಉರಿಯಿತು. ಆದರೂ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಮೂರು ವರ್ಷದ ಭೋಗ್ಯಪತ್ರ ನೋಂದಾಯಿಸಿದೆವು. ಮೂರು ವರ್ಷ ಮುಗಿದ ಮೇಲೆ ಎರಡು ಸಲ ಮೊತ್ತ ಏರಿಸಿ ಬಾಯಿಮಾತಿನಲ್ಲೇ ಮುಂದುವರಿಸಿದೆವು. ಅಷ್ಟು ಹೊತ್ತಿಗೆ ಪತ್ರದ ನೆನಪು ಇಬ್ಬರಿಗೂ ಬೇಕಾಗದಷ್ಟು ಬಳಕೆ ಬೆಳೆದಿತ್ತು.

ಒಂದು ಸಲ ಹತ್ತನೇ ಕ್ಲಾಸಿಗೆ ವಿದ್ಯುತ್ ಮೋಟಾರಿನ ಪಾಠ ಮಾಡಬೇಕಿತ್ತು. ಲ್ಯಾಬಿನಲ್ಲಿದ್ದ ಮಾದರಿ ತುಕ್ಕು ಹಿಡಿದು ಕೂತಿತ್ತು. ಸಂಜೆ ಕೆಳಗೆ ಹೋಗಿ ಹಳೇ ಮಿಕ್ಸಿಯ ಮೋಟಾರೊಂದನ್ನು ಕೇಳಿದೆ. "ಕೊಡ್ತೀನಿ. ಆದ್ರೆ ನೀವು ಬಿಚ್ಚಿದ್ರೆ ಮತ್ತೆ ಕೂಡ್ಸಕ್ಕಾಗಲ್ಲ, ನಾನೂ ಬರ್ತೀನಿ" ಎಂದರು. ಬಂದರು. ಮಕ್ಕಳ ಮಧ್ಯೆ ನೆಲದ ಮೇಲೇ ಕೂತು ಮೋಟಾರು ಬಿಚ್ಚಿ ಒಂದೊಂದೇ ಭಾಗವನ್ನು ಹುಡುಗಿಯರ ಅಂಗೈಯಲ್ಲಿಟ್ಟರು. ಕಾರ್ಬನ್ ಬ್ರಷ್ಷನ್ನು ತೋರಿಸಿ, "ಇದು ತಾನು ಸವೆದು ಬೇರೇದನ್ನ ತಿರುಗಿಸ್ತದೆ. ನಿಮ್ಮನೇಲಿ ಯಾರು ಹಿಂಗಿದಾರೆ?" ಎಂದು ಕೇಳಿದರು. ಇಡೀ ಕ್ಲಾಸು ಒಂದೇ ದನಿಯಲ್ಲಿ "ಅಮ್ಮ" ಎಂದಿತು. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ನಾನು ಅಂಥ ಪಾಠ ಮಾಡಿಲ್ಲ.

ಮನೆ ಮಾರುವ ಕಷ್ಟ ಏನೆಂದು ನನಗೆ ಮೊದಲು ಹೇಳಿದವರೂ ಅವರೇ. ಯಾವುದೋ ಒಂದು ಭಾನುವಾರ, ಕರೆಂಟಿಲ್ಲದ ಮಧ್ಯಾಹ್ನ, ಪಡಸಾಲೆಯಲ್ಲಿ ಕೂತು ಕುಣಿಗಲ್ಲಿನ ಮನೆಯ ಕತೆ ಹೇಳಿದ್ದರು.

"ಕೊಳ್ಳೋವಾಗ ಊರೆಲ್ಲಾ ಬಂದು ಹಿಸಾಬು ಹೇಳ್ತಾರೆ ಸಾರ್. ಮಾರೋವಾಗ ಯಾರೂ ಹೇಳಲ್ಲ. ನಾನು ಮನೆ ಬೆಲೆ ಎಷ್ಟೋ ಅಷ್ಟೂ ಕೈಗೆ ಬರ್ತದೆ ಅನ್ಕೊಂಡಿದ್ದೆ. ಬ್ರೋಕರ್‌ಗೆ ಹೋಯ್ತು. ಕಂದಾಯ ಎಂಟು ವರ್ಷದ್ದು ಬಾಕಿ ಇತ್ತು, ಅದಕ್ಕೆ ಹೋಯ್ತು. ಖಾತೆ ಮಾವನ ಹೆಸ್ರಲ್ಲೇ ಇತ್ತು, ಅದ್ನ ಸರಿ ಮಾಡ್ಸಕ್ಕೆ ನಾಲ್ಕು ತಿಂಗಳು. ಮೈದುನ ಸೈನ್ ಹಾಕಕ್ಕೆ ಅಂತ ಕೈ ಚಾಚ್ದ. ಅದೂ ಹೋಗ್ಲಿ. ಇವೆಲ್ಲ ಕಾಗ್ದದ ಮೇಲೆ ಬರೋ ಖರ್ಚು."

"ಇನ್ನೇನಿದೆ?"

"ಹೊಸ ಮನೆ ಕಿಟಕಿಗೆ ಹಳೇ ಪರದೆ ಗಿಡ್ಡ ಆಗ್ತವೆ. ಕಪಾಟು ಬಾಗ್ಲಲ್ಲಿ ಹಿಡ್ಸಲ್ಲ, ಅರ್ಧ ಬೆಲೆಗೆ ಅಲ್ಲೇ ಕೊಟ್ಟು ಬರ್ಬೇಕು. ಉದ್ರಿ ಕೊಡೋ ಅಂಗಡಿಯವ್ನು ಇರಲ್ಲ. ರಾತ್ರಿ ಹೊಟ್ಟೆನೋವು ಬಂದ್ರೆ ಯಾರ ಬಾಗ್ಲು ತಟ್ಬೇಕು ಅಂತ ಗೊತ್ತಿರಲ್ಲ. ಆ ಬಾಗ್ಲು ಹುಡ್ಕೋಕೆ ನಂಗೆ ಇಲ್ಲಿ ಎರಡು ವರ್ಷ ಹಿಡೀತು."

ನಾನು ತಲೆಯಾಡಿಸಿದೆ. ಅವರು ಕಂಡುಕೊಂಡ ಬಾಗಿಲು ನಮ್ಮದೇ ಎಂದು ಹೆಮ್ಮೆಪಟ್ಟುಕೊಂಡೆ. ಅಷ್ಟೇ ಮಾಡಿದ್ದು.

ನಾವು ಮನೆ ಮಾರಲು ಯಾವ ಕಷ್ಟವೂ ಇರಲಿಲ್ಲ. ಇದನ್ನು ನೇರವಾಗಿ ಹೇಳಿಬಿಡುತ್ತೇನೆ. ಸಾಲವಿರಲಿಲ್ಲ, ಕಾಯಿಲೆಯಿರಲಿಲ್ಲ. ನಾನು ನಿವೃತ್ತನಾಗಿ ಒಂದು ವರ್ಷವಾಗಿತ್ತು. ಕ್ಯಾತ್ಸಂದ್ರದ ಆಚೆ ಸಹೋದ್ಯೋಗಿಯೊಬ್ಬರು ಕಾರು ನಿಲ್ಲಿಸುವ ಜಾಗ, ಮುಂದೆ ನಾಲ್ಕು ಗಿಡ ಇರುವ ಹೊಸ ಮನೆ ಕಟ್ಟಿಸಿದ್ದರು. ಗೃಹಪ್ರವೇಶಕ್ಕೆ ಹೋಗಿಬಂದ ಮೇಲೆ ನಮ್ಮ ಬೀದಿ ಇಕ್ಕಟ್ಟಾಗಿ ಕಾಣತೊಡಗಿತು. ಅದೇ ಹೊತ್ತಿಗೆ ಬ್ರೋಕರೊಬ್ಬ ಗಿರಾಕಿ ಹಿಡಿದುಕೊಂಡು ಬಂದ. ಮನೆ ಕೆಡವಿ ಓದುವ ಹುಡುಗರಿಗೆ ಹಾಸ್ಟೆಲ್ ಕಟ್ಟುವವರು. ನಾನು ಎಣಿಸಿದ್ದಕ್ಕಿಂತ ಹೆಚ್ಚಿನ ಬೆಲೆ. ಷರತ್ತು ಒಂದೇ: ಇಡೀ ಮನೆ ಖಾಲಿಯಿರಬೇಕು.

ಬ್ರೋಕರು ನಮ್ಮ ಹಾಲಿನಲ್ಲಿ ಕೂತು, ಟೀಪಾಯಿಯ ಮೇಲಿದ್ದ ಹಳೇ ಮದುವೆ ಕರೆಯೋಲೆಯ ಬೆನ್ನಿಗೆ ನನ್ನ ಕಡೆಯ ಖರ್ಚುಗಳನ್ನೆಲ್ಲ ಬರೆದ. ತನ್ನ ಕಮಿಷನ್ನು, ಕಂದಾಯ, ಇ-ಖಾತೆಯ ಓಡಾಟ, ಲಾಭದ ಮೇಲಿನ ತೆರಿಗೆ, ಆಡಿಟರ ಫೀಜು. ಕೊನೆಗೆ "ಕೆಳಗಿನವರು – 50" ಎಂದು ಬರೆದು ಪೆನ್ನಿನ ತುದಿಯಿಂದ ಎರಡು ಸಲ ಕುಟ್ಟಿದ.

"ಇದೇನಿದು?"

"ಭೋಗ್ಯದವ್ರು ಸಾರ್. ಭೋಗ್ಯದ ದುಡ್ಡು ಹೆಂಗಿದ್ರೂ ವಾಪಸ್ ಕೊಡ್ಬೇಕು. ಅದ್ರ ಮ್ಯಾಲೆ ಐವತ್ತು ಸಾವ್ರ ಕೈಗಿಟ್ರೆ ಮರ್ಯಾದೆಯಾಗಿ ಹೋಯ್ತಾರೆ. ಆದ್ರೆ ಮಾರಾಟ ಅಂತ ಗೊತ್ತಾಯ್ತೋ, ಲಕ್ಷ ಕೇಳ್ತಾರೆ."

"ಅವ್ರು ಅಂಥವ್ರಲ್ಲ."

"ದುಡ್ಡು ಅಂದ್ರೆ ಎಲ್ರೂ ಅಂಥವ್ರೇ ಬುಡಿ ಸಾರ್. ಒಂದ್ ಕೆಲ್ಸ ಮಾಡಿ. ಮಾರ್ತೀನಿ ಅನ್ಲೇಬೇಡಿ. ಮನೆ ನಮಗೇ ಬೇಕು ಅನ್ನಿ. ಖರ್ಚೇ ಇರಾಕಿಲ್ಲ."

ನನ್ನವಳು ಕಾಫಿ ತಂದವಳು ಅಲ್ಲೇ ನಿಂತಳು. "ಅವ್ರಿಗೆ ಹೇಳೇ ಮಾರೋಣ ರೀ" ಎಂದಳು. "ನಿಂಗೊತ್ತಾಗಲ್ಲ, ಸುಮ್ನಿರು" ಎಂದೆ. ಆಮೇಲೆ ಬ್ರೋಕರ ಕೈಯಿಂದ ಪೆನ್ನು ತೆಗೆದುಕೊಂಡು ಆ ಕೊನೆಯ ಸಾಲನ್ನು ನಾನೇ ಹೊಡೆದು ಹಾಕಿದೆ. ಬ್ರೋಕರು ಹೊಡೆಯಲಿಲ್ಲ, ನಾನು ಹೊಡೆದೆ.

ಮಾರನೆಯ ದಿನ ಬೆಳಿಗ್ಗೆ ಕೆಳಗಿಳಿದು ಹೋದೆ. ಆಪಾ ಒಂದು ಕುಕ್ಕರಿನ ಹಿಡಿ ಬಿಗಿಯುತ್ತಿದ್ದರು. ನನ್ನವಳ ಮೊಣಕಾಲು ಸವೆದಿದೆಯೆಂದೂ, ಡಾಕ್ಟರು ಮೆಟ್ಟಿಲು ಹತ್ತಬಾರದು ಅಂದಿದ್ದಾರೆಂದೂ, ನಾವು ಕೆಳಗೆ ಬಂದು ಇರಬೇಕಾಗಿದೆಯೆಂದೂ ಹೇಳಿದೆ. ರಾತ್ರಿಯೆಲ್ಲ ಮಗ್ಗಲು ಹೊರಳಿಸಿ ಹೊಂದಿಸಿಕೊಂಡಿದ್ದ ಮಾತು, ಸಲೀಸಾಗಿ ಬಂತು.

ಅವರು ಸ್ಪ್ಯಾನರ್ ಕೆಳಗಿಟ್ಟರು.

"ಅಯ್ಯೋ, ಇಷ್ಟು ದಿನ ಯಾಕ್ ಹೇಳ್ಲಿಲ್ಲ ಸಾರ್? ನಾನಿಲ್ಲಿ ಕೆಳಗೆ ಆರಾಮಾಗಿ ಕೂತಿದೀನಿ, ಪಾಪ ಅಮ್ಮ ಹತ್ತಿ ಇಳಿದು ಒದ್ದಾಡ್ತವ್ರೆ." ಒಂದು ಗಳಿಗೆ ಯೋಚಿಸಿ ಮುಖ ಅರಳಿಸಿದರು. "ಬಿಡಿ, ಸುಲಭ ಇದು. ನಾನು ಮೇಲಕ್ಕೆ ಹೋಗ್ತೀನಿ, ನೀವು ಕೆಳಗೆ ಬನ್ನಿ. ಬದ್ಲಾಯಿಸ್ಕೊಂಡ್ರೆ ಆಯ್ತು. ನಾಳೇನೇ ಮಾಡೋಣ."

ಇಷ್ಟು ಸರಳವಾದ ಉತ್ತರ ಇದೆಯೆಂದು ನನಗೆ ಹೊಳೆದೇ ಇರಲಿಲ್ಲ. ಸುಳ್ಳು ಹೇಳುವವನು ತನ್ನ ಸುಳ್ಳನ್ನು ಯಾರಾದರೂ ನಂಬಿದರೆ ಏನು ಮಾಡಬೇಕೆಂದು ಯೋಚಿಸಿರುವುದಿಲ್ಲ. "ಮೇಲಿನ ಮನೇಗೆ ನಮ್ಮ ನಾದಿನಿ ಸಂಸಾರ ಬರ್ತಿದೆ" ಎಂದೆ.

ಅವರ ಮುಖದಲ್ಲಿ ಅರಳಿದ್ದು ಮೆಲ್ಲಗೆ ಮುಚ್ಚಿಕೊಂಡಿತು. "ಹಂಗಾ" ಎಂದರು. ಸ್ಪ್ಯಾನರನ್ನು ಮತ್ತೆ ಕೈಗೆತ್ತಿಕೊಂಡರು. "ಒಂದು ತಿಂಗಳು ಟೈಮ್ ಕೊಡಿ ಸಾರ್. ಗುಬ್ಬೀಲಿ ನನ್ನ ತಂಗಿ ಇದಾಳೆ. ಕೇಳ್ತೀನಿ."

ಆ ಒಂದು ತಿಂಗಳು ನನ್ನವಳು ಮೆಟ್ಟಿಲಿಳಿಯುವಾಗ ಕಟಕಟೆ ಹಿಡಿದುಕೊಂಡು, ಒಂದೊಂದೇ ಹೆಜ್ಜೆಯಿಟ್ಟು ಇಳಿಯಬೇಕಾಯಿತು. ಅವಳ ಮೊಣಕಾಲಿಗೆ ಏನೂ ಆಗಿರಲಿಲ್ಲ. ಆಪಾ ಎಳ್ಳೆಣ್ಣೆಗೆ ಬೆಳ್ಳುಳ್ಳಿ, ಓಮ ಹಾಕಿ ಕಾಯಿಸಿದ ಎಣ್ಣೆಯನ್ನು ಬಾಟಲಿಯಲ್ಲಿ ತುಂಬಿ ತಂದುಕೊಟ್ಟರು. ಮೂರು ದಿನ ಅದು ಅಡುಗೆಮನೆಯ ಕಟ್ಟೆಯ ಮೇಲೆ ಹಾಗೇ ಇತ್ತು. ನಾಲ್ಕನೆಯ ದಿನ ನೋಡಿದರೆ ನನ್ನವಳು ಸೀರೆ ಮೇಲೆತ್ತಿ ಎರಡೂ ಮೊಣಕಾಲಿಗೆ ಅದನ್ನು ತಿಕ್ಕಿಕೊಂಡು ಕೂತಿದ್ದಳು. ಯಾಕೆಂದು ಕೇಳಿದೆ.

"ಹಚ್ಕೊಂಡ್ರೆ ಸುಳ್ಳು ಸ್ವಲ್ಪ ಕಮ್ಮಿ ಆಗುತ್ತೇನೋ ಅಂತ" ಎಂದಳು.

ಹೊರಡುವ ಹಿಂದಿನ ವಾರ ಆಪಾ ಮನೆಮನೆಗೆ ಹೋಗಿ, ರಿಪೇರಿಯಾಗಿಯೂ ಯಾರೂ ಒಯ್ಯದೆ ಬಿಟ್ಟಿದ್ದ ಕುಕ್ಕರು ಮಿಕ್ಸಿಗಳನ್ನೆಲ್ಲ ಕೊಟ್ಟು ಬಂದರು. ಭೋಗ್ಯದ ಹಣ ವಾಪಸು ಕೊಟ್ಟೆ. ರಸೀದಿ ಬರೆದುಕೊಟ್ಟರು. ಹೊರಡುವ ದಿನ ಟೆಂಪೋದಲ್ಲಿ ಸಾಮಾನು ಏರಿದ ಮೇಲೂ ಒಳಗೆ ಹೋಗಿ ಮನೆ ಗುಡಿಸಿದರು, ಬಚ್ಚಲು ತಿಕ್ಕಿದರು. "ಅಮ್ಮ ಬಂದು ಇರೋ ಜಾಗ, ಗಲೀಜು ಬಿಟ್ಟು ಹೋಗ್ಬಾರ್ದು" ಎಂದರು. ನಾನು ಗೇಟಿನ ಹತ್ತಿರ ನಿಂತು ಟೆಂಪೋದವನ ಜೊತೆ ಗುಬ್ಬಿ ರಸ್ತೆಯ ಗುಂಡಿಗಳ ಬಗ್ಗೆ ಮಾತಾಡುತ್ತಿದ್ದೆ.

ಹದಿನೈದು ದಿನಕ್ಕೆ ಕೊಳ್ಳುವವರ ವಕೀಲರಿಂದ ಫೋನು ಬಂತು. ಮನೆಯ ಮೇಲೆ ಏನೇನು ಋಣವಿದೆ ಎಂದು ತೋರಿಸುವ ಇಸಿಯನ್ನು ತೆಗೆಸಿದ್ದರು. ಅದರಲ್ಲಿ ಹದಿನೇಳು ವರ್ಷದ ಹಿಂದಿನ ಭೋಗ್ಯಪತ್ರ ಹಾಗೇ ಕೂತಿತ್ತು.

"ಇದು ರದ್ದಾಗಿಲ್ಲವಲ್ಲ ಸಾರ್."

"ದುಡ್ಡು ಕೊಟ್ಟಾಗಿದೆ. ರಸೀದಿ ಇದೆ."

"ರಸೀದಿ ನಡೆಯಲ್ಲ. ಅವ್ರೇ ಬಂದು ರದ್ದುಪತ್ರಕ್ಕೆ ಸೈನ್ ಹಾಕಿ ಹೆಬ್ಬೆಟ್ಟು ಕೊಡ್ಬೇಕು. ಅಲ್ಲಿವರೆಗೆ ಕ್ರಯ ಆಗಲ್ಲ."

ಫೋನು ಇಟ್ಟೆ. ಮೊಣಕಾಲಿನ ಕತೆಗೆ ಹೊಂದುವ ಇನ್ನೊಂದು ಸುಳ್ಳು ಸಿಗುತ್ತದೆಯೇ ಎಂದು ಹುಡುಕಿದೆ. ಸಿಗಲಿಲ್ಲವೆಂದು ಗುಬ್ಬಿಗೆ ಹೋದೆ. ಪಶ್ಚಾತ್ತಾಪದಿಂದ ಹೋದೆನೆಂದು ಯಾರೂ ತಿಳಿಯಬಾರದು.

ತಂಗಿಯ ಮನೆ ಗುಬ್ಬಿಯ ಒಂದು ಓಣಿಯಲ್ಲಿತ್ತು. ತಂಗಿ, ತಂಗಿಯ ಮಗಳು, ಅಳಿಯ, ಎರಡು ಚಿಕ್ಕ ಮಕ್ಕಳು. ಆಪಾ ಹಿತ್ತಲ ಕಡೆಯ ಶೀಟಿನ ಮಾಡಿನಡಿ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದರು. ಅವರ ಕೈಯಲ್ಲಿ ತರಕಾರಿ ನೋಡಿದ್ದು ಅದೇ ಮೊದಲು ಅನ್ನಿಸಿತು. ಉಪಕರಣಗಳ ಚೀಲ ಗೋಡೆಗೆ ಒರಗಿ, ಬಾಯಿ ಕಟ್ಟಿಕೊಂಡು ನಿಂತಿತ್ತು.

"ಕೆಲ್ಸ ಸಿಗ್ತಾ ಇದೆಯಾ ಆಪಾ?"

"ಇಲ್ಲಿ ಯಾರಿಗೆ ಗೊತ್ತು ನಾನು? ಬಸ್ ಸ್ಟಾಂಡ್ ಹತ್ರ ಅಂಗಡಿ ಐತೆ, ಎಲ್ರೂ ಅಲ್ಲಿಗೇ ಹೋಗ್ತಾರೆ. ಹೆಂಗಸು ಮೋಟರ್ ಬಿಚ್ತಾಳೆ ಅಂದ್ರೆ ನಗ್ತಾರೆ. ಉಪ್ಪಾರಹಳ್ಳಿಯವ್ರೂ ಮೊದ್ಲು ನಗ್ತಿದ್ರಲ್ಲ." ಕಾಯಿಯ ತುದಿ ಮುರಿಯುತ್ತ ಕೇಳಿದರು, "ಅಮ್ಮನ ಮೊಣಕಾಲು ಹೆಂಗಿದೆ? ಎಣ್ಣೆ ಮುಗ್ದಿದ್ರೆ ಮಾಡ್ಕೊಡ್ತೀನಿ."

ನಾನು ನೆಲ ನೋಡಿದೆ.

"ಮನೆ ಮಾರ್ತಾ ಇದೀವಿ ಆಪಾ. ನಿಮ್ಮದೊಂದು ಸೈನ್ ಬೇಕಿತ್ತು."

ಹುರುಳಿಕಾಯಿ ಮುರಿಯುವ ಸದ್ದು ನಿಂತಿತು. ನಾನು ತಲೆ ಎತ್ತಲಿಲ್ಲವಾದ್ದರಿಂದ ಆ ಕ್ಷಣ ಅವರ ಮುಖ ಹೇಗಿತ್ತೋ ಗೊತ್ತಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಮೊರವನ್ನು ಪಕ್ಕಕ್ಕಿಟ್ಟು ಎದ್ದರು.

"ಆಧಾರ್ ಕಾರ್ಡ್ ಬೇಕಾಗ್ತದಲ್ವಾ" ಎಂದರು.

ಗುಬ್ಬಿಯಿಂದ ತುಮಕೂರಿಗೆ ಕಾರಿನಲ್ಲಿ ಬರುವ ಅಷ್ಟೂ ಹೊತ್ತು ಕಿಟಕಿಯಾಚೆ ನೋಡುತ್ತಿದ್ದರು. ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಸರ್ವರ್ ಇರಲಿಲ್ಲ. ಎರಡು ತಾಸು ಒಂದೇ ಬೆಂಚಿನಲ್ಲಿ ಅಕ್ಕಪಕ್ಕ ಕೂತಿದ್ದೆವು. ನನ್ನ ಮಡಿಲಲ್ಲಿ ಮನೆಯ ಫೈಲಿತ್ತು. ರದ್ದುಪತ್ರದ ಕರಡು ನೋಡುತ್ತೇನೆ ಎಂದು ಆಪಾ ಫೈಲು ತೆಗೆದುಕೊಂಡರು. ಕನ್ನಡಕ ಮೂಗಿನ ತುದಿಗೆ ಜಾರಿಸಿ ಒಂದೊಂದು ಸಾಲಿಗೂ ಬೆರಳಿಟ್ಟು ಓದಿದರು.

"ಡೋರ್ ನಂಬರ್ ತಪ್ಪಾಗಿದೆ ಸಾರ್. ಇದು ಪಕ್ಕದ ಮನೇದು. ಹಿಂಗೇ ಆದ್ರೆ ಮುಂದೆ ನಿಮ್ಗೇ ತೊಂದ್ರೆ."

ಪತ್ರ ಬರೆಯುವವನಿಂದ ತಿದ್ದಿಸಿಕೊಂಡು ಬಂದೆ. ವಾಪಸು ಬರುವಷ್ಟರಲ್ಲಿ ಅವರ ಕೈಯಲ್ಲಿ ಬೇರೊಂದು ಕಾಗದವಿತ್ತು. ಬ್ರೋಕರು ಖರ್ಚು ಬರೆದ ಆ ಕರೆಯೋಲೆ. ನಾನೇ ಜೋಪಾನವಾಗಿ ಫೈಲಿಗೆ ಸೇರಿಸಿದ್ದೆ.

ಅವರ ಬೆರಳು ಕೊನೆಯ ಸಾಲಿನ ಮೇಲೆ ನಿಂತಿತ್ತು.

"ಕೆಳಗಿನವರು ಅಂದ್ರೆ ನಾನಾ?"

"ಹೂಂ."

"ಐವತ್ತು ಸಾವ್ರನಾ? ಹೊಡೆದು ಹಾಕಿದೀರ."

"ಕೊಡ್ತೀನಿ ಆಪಾ. ಈಗ್ಲೇ ಕೊಡ್ತೀನಿ. ಅದಕ್ಕಿಂತ ಜಾಸ್ತಿ ಬೇಕಾದ್ರೂ..." ಎಂದೆ. ಪಕ್ಕದ ಬೆಂಚಿನವರು ತಿರುಗಿ ನೋಡುವಷ್ಟು ಜೋರಾಗಿ ಅಂದಿರಬೇಕು.

ಅವರು ಕಾಗದವನ್ನು ಇದ್ದ ಮಡಿಕೆಯಲ್ಲೇ ಮಡಿಸಿ ಫೈಲಿನೊಳಗಿಟ್ಟರು.

"ಈಗ ತಗೊಂಡ್ರೆ ಸೈನ್ ಮಾರಿದಂಗಾಗ್ತದೆ ಸಾರ್. ಬೇಡ."

ನನ್ನ ಕಡೆ ನೋಡದೆ, ಬೇರೆ ಯಾರದೋ ವಿಷಯ ಹೇಳುವವರಂತೆ ಹೇಳಿದರು.

"ಎರಡು ವರ್ಷದಿಂದ ನಾನೇ ಕೇಳ್ಬೇಕು ಅಂತಿದ್ದೆ. ಕೆಳಗಿನ ಮನೆ ಮಟ್ಟಿಗೆ ನಂಗೆ ಕೊಡ್ತೀರಾ ಅಂತ. ಭೋಗ್ಯದ ದುಡ್ಡು ನಿಮ್ಮತ್ರಾನೇ ಇತ್ತು. ಚೀಟಿದು ಒಂದಿಷ್ಟು ಇತ್ತು. ಮಿಕ್ಕಿದ್ದು ಸಾಲ ಕೊಡ್ತೀವಿ ಅಂತ ಸಂಘದವ್ರು ಹೇಳಿದ್ರು. ಕೇಳಕ್ಕೆ ನಾಚ್ಕೆ ಆಯ್ತು. ಮೇಷ್ಟ್ರು ಏನಂದ್ಕೋತಾರೋ ಅಂತ." ಕನ್ನಡಕ ತೆಗೆದು ಮಡಚಿದರು. "ನೀವು ಕೊಡ್ಬೇಕಾಗಿರ್ಲಿಲ್ಲ ಸಾರ್. ಮಾರ್ತೀನಿ, ಏನಂತೀರಿ ಆಪಾ ಅಂತ ಒಂದ್ಮಾತು ಕೇಳಿದ್ರೆ ಸಾಕಿತ್ತು. ಆಗಲ್ಲ ಅಂತ ನಾನೇ ಅಂತಿದ್ನೇನೋ. ಅದನ್ನಾದ್ರೂ ಅನ್ಬೋದಿತ್ತು."

ಅಷ್ಟರಲ್ಲಿ ಸರ್ವರ್ ಬಂತು. ಒಳಗಿಂದ ಹೆಸರು ಕೂಗಿದರು. ಕ್ಯಾಮೆರಾದ ಮುಂದೆ ಕೂತು, ಸೆರಗು ಸರಿಮಾಡಿಕೊಂಡು, ಹೆಬ್ಬೆಟ್ಟು ಒತ್ತಿದರು. ಮೋಟಾರಿನ ಮಸಿ ಕೂತು ಕೂತು ಆ ಬೆರಳಿನ ಗೆರೆಗಳು ಸವೆದಿದ್ದವೋ ಏನೋ, ಯಂತ್ರ ಮೂರು ಸಲ ಒಪ್ಪಲಿಲ್ಲ. ನಾಲ್ಕನೆಯ ಸಲ ಒಪ್ಪಿತು. ಗುಬ್ಬಿಗೆ ಬಿಟ್ಟು ಬರುತ್ತೇನೆ ಅಂದರೆ ಕೇಳಲಿಲ್ಲ. ಬಸ್ಸಿಗೆ ಹೋದರು.

ಕ್ರಯವಾಯಿತು. ಕ್ಯಾತ್ಸಂದ್ರದ ಆಚೆ ಮನೆ ಕೊಂಡೆವು. ಕಾರು ನಿಲ್ಲುತ್ತದೆ. ಗಿಡಗಳಿವೆ. ಉಪ್ಪಾರಹಳ್ಳಿಯ ಮನೆಯನ್ನು ಕೆಡವುವ ದಿನ ನೋಡಲು ಹೋಗಬೇಕೆಂದುಕೊಂಡು ಹೋಗಲಿಲ್ಲ. ಬ್ರೋಕರು ಹೇಳಿದ ಖರ್ಚುಗಳೆಲ್ಲ ಅವನು ಬರೆದಷ್ಟೇ ಆದವು. ಆಪಾ ಹೇಳಿದ್ದವೂ ಒಂದೊಂದಾಗಿ ಬಂದವು. ಒಂದು ಸಂಜೆ ನಮ್ಮ ಮಿಕ್ಸಿ ಕೆಟ್ಟಿತು. ನನ್ನವಳು ಅದನ್ನು ರಿಪೇರಿಗೆ ಕೊಡಲೂ ಇಲ್ಲ, ಬಿಸಾಡಲೂ ಇಲ್ಲ. ಬಟ್ಟೆ ಮುಚ್ಚಿ ಅಟ್ಟದ ಮೇಲಿಟ್ಟು ಹೊಸದು ತಂದಳು.

ಗುಬ್ಬಿಗೆ ಹೋಗಬೇಕು, ಕ್ಷಮೆ ಕೇಳಬೇಕು ಎಂದು ಹಬ್ಬ ಬಂದಾಗಲೆಲ್ಲ ಅಂದುಕೊಳ್ಳುತ್ತಿದ್ದೆ. ರಂಜಾನು ಬಂತು, ಹೋಯಿತು; ಮತ್ತೊಂದು ಬಂತು. ಏನು ತೆಗೆದುಕೊಂಡು ಹೋಗಬೇಕು, ಮೊದಲ ಮಾತು ಏನಾಡಬೇಕು ಎಂಬಲ್ಲಿಗೆ ನಿಂತುಹೋಗುತ್ತಿತ್ತು. ಎರಡು ವರ್ಷ ಹೀಗೇ ಕಳೆದೆ.

ಈ ಬೇಸಿಗೆಯಲ್ಲಿ ಅವರ ತಂಗಿಯ ಮಗಳು ಫೋನು ಮಾಡಿದಳು. ಆಪಾ ಹೋಗಿಬಿಟ್ಟರು, ಎದೆನೋವು, ಆಸ್ಪತ್ರೆಗೆ ಒಯ್ಯುವಷ್ಟರಲ್ಲೇ ಆಯಿತು. "ಅವ್ರ ಡೈರೀಲಿ ನಿಮ್ಮ ನಂಬರ್ ಇತ್ತು. ತಿಳಿಸ್ಬೇಕು ಅನ್ನಿಸ್ತು" ಎಂದಳು. ಮೂರನೆಯ ದಿನ ನಾನೂ ನನ್ನವಳೂ ಗುಬ್ಬಿಗೆ ಹೋದೆವು.

ದಾರಿಯುದ್ದಕ್ಕೂ ನಾನು ಸಿದ್ಧವಾಗುತ್ತಿದ್ದೆ. ಆ ಮನೆಯವರಿಗೆ ಎಲ್ಲ ಗೊತ್ತಿರುತ್ತದೆ. ಬಾಗಿಲಲ್ಲೇ ನಿಲ್ಲಿಸಿ ಅಂದರೂ ಅನ್ನಬಹುದು. ಅನ್ನಲಿ, ಅನ್ನಿಸಿಕೊಳ್ಳೋಣ, ಅಷ್ಟಾದರೂ ಆಗಲಿ ಎಂದುಕೊಂಡೆ. ನಿಜ ಹೇಳಬೇಕೆಂದರೆ ಅದಕ್ಕೆ ಕಾದಿದ್ದೆ.

ಅಳಿಯ ಓಣಿಯ ತುದಿಗೇ ಬಂದು ಕರೆದುಕೊಂಡು ಹೋದ. ಅಂಗಳದಲ್ಲಿ ಹಾಸಿದ್ದ ಚಾಪೆಯ ಮೇಲೆ ಏಳೆಂಟು ಜನ ಕೂತಿದ್ದರು. ಒಬ್ಬ ವಯಸ್ಸಾದ ಸಂಬಂಧಿಕರು, ಬಿಳಿಗಡ್ಡದವರು, ತಮ್ಮ ಕುರ್ಚಿಯಿಂದ ಎದ್ದು ನನ್ನನ್ನು ಕೂರಿಸಿದರು. ಬೇಡವೆಂದರೂ ಬಿಡಲಿಲ್ಲ. ನನ್ನವಳನ್ನು ಒಳಗೆ ಹೆಂಗಸರ ಕಡೆಗೆ ಕರೆದೊಯ್ದರು. ಬಾಗಿಲಿಗೆ ಪರದೆ ಸರಿದಿತ್ತು, ಅವಳು ಕೂತದ್ದು ಕಾಣುತ್ತಿತ್ತು. ಚಹಾ ಬಂತು.

"ಇವ್ರೇ ನೋಡಿ, ತುಮಕೂರು ಮೇಷ್ಟ್ರು" ಎಂದು ಅಳಿಯ ಉಳಿದವರಿಗೆ ಹೇಳಿದ. ಎಲ್ಲರೂ ಗೌರವದಿಂದ ತಲೆಯಾಡಿಸಿದರು. ನನಗೆ ಅರ್ಥವಾಗಲಿಲ್ಲ.

ತಂಗಿ ಪರದೆಯ ಹತ್ತಿರ ಬಂದು ನಿಂತರು. ಅತ್ತು ಅತ್ತು ದನಿ ಹೋಗಿತ್ತು.

"ಅಕ್ಕ ನಿಮ್ಮ ವಿಷ್ಯ ಹೇಳ್ದೇ ಇರೋ ದಿನಾನೇ ಇಲ್ಲ ಸಾರ್. ಮೇಷ್ಟ್ರಿಗೆ ಮನೆ ಮಾರೋ ಯೋಚ್ನೆ ಬಂದಾಗ ಮೊದ್ಲು ನಂಗೇ ಹೇಳಿದ್ರು ಅಂತಿದ್ಲು. ಮೇಷ್ಟ್ರು ಮೆಟ್ಲಿಳಿದು ಬಂದು, ಪಡಸಾಲೇಲಿ ಕೂತು, 'ಆಪಾ, ಕೆಳಗಿನ ಮನೆ ನೀವೇ ತಗೊಳ್ಳಿ, ನಿಮ್ಮನ್ನ ಬಿಟ್ಟು ಬೇರೆಯವ್ರಿಗೆ ಕೊಡಕ್ಕೆ ಮನಸ್ಸಿಲ್ಲ' ಅಂದ್ರು, ನಾನೇ ಬೇಡ ಅಂದ್ಬಿಟ್ಟೆ, ನಂಗೂ ವಯಸ್ಸಾಯ್ತು, ತಂಗಿ ಜೊತೆ ಇರ್ತೀನಿ ಅಂದೆ ಅಂತ."

ಬಿಳಿಗಡ್ಡದವರು ಹೇಳಿದರು, "ಈ ಕಾಲ್ದಲ್ಲಿ ಯಾರು ಕೇಳ್ತಾರೆ ಸಾರ್? ಬಾಡಿಗೆಯವ್ರು ಅಂದ್ರೆ ಸಾಮಾನು ಹೊರಗೆ ಹಾಕೋ ಕಾಲ. ಅಷ್ಟು ಮರ್ಯಾದೆ ಕೊಟ್ಟು ಕೇಳಿದ್ರಲ್ಲ, ಅದು ದೊಡ್ಡದು."

ಪರದೆಯ ಆಚೆ ನನ್ನವಳು ಎರಡೂ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ತಲೆ ತಗ್ಗಿಸಿ ಕೂತಿದ್ದಳು.

ತಂಗಿ ನನ್ನನ್ನೇ ನೋಡುತ್ತಿದ್ದರು. ತಾನು ಹೇಳಿದ್ದನ್ನು ನಾನೂ ಒಂದು ಸಲ ಹೇಳಲಿ, ಅಕ್ಕನ ಆ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳೋಣ ಎಂಬ ಆಸೆ ಅವರ ಕಣ್ಣಲ್ಲಿತ್ತು. ಆಪಾ ಈ ಕತೆಯನ್ನು ನನ್ನ ಮಾನ ಉಳಿಸಲು ಕಟ್ಟಿದರೋ, ತಮ್ಮನ್ನು ಒಬ್ಬರು ಕೇಳಿದ್ದರು ಎಂಬುದು ತಮ್ಮವರ ಮುಂದೆ ಇರಲೆಂದು ಕಟ್ಟಿದರೋ ನನಗೆ ಗೊತ್ತಿಲ್ಲ. ಇಲ್ಲ, ನಾನು ಕೇಳಿರಲಿಲ್ಲ ಎಂದರೆ ನನ್ನ ಎದೆಯ ಭಾರ ಇಳಿಯುತ್ತಿತ್ತು. ಆದರೆ ಸತ್ತ ಮೂರನೆಯ ದಿನ ಅವರನ್ನು ಅವರ ಮನೆಯಲ್ಲೇ ಸುಳ್ಳಿ ಮಾಡಿದಂತಾಗುತ್ತಿತ್ತು.

"ಹೌದಮ್ಮ" ಎಂದೆ. "ಕೇಳಿದ್ದೆ."

ತಂಗಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಮೊದಲ ಸಲ ಅವರ ಮುಖ ಹಗುರವಾಯಿತು. ಚಹಾ ಆರಿದೆಯೆಂದು ಲೋಟವನ್ನು ಒಳಗೆ ಒಯ್ದು, ಬಿಸಿಯದು ತಂದು ನನ್ನ ಕೈಯಲ್ಲಿಟ್ಟರು. ಎಲ್ಲರೂ ನೋಡುತ್ತಿದ್ದರು. ಕುಡಿದೆ.